ಸ್ವಯಂ ಕೋರ್ಸ್‌ನಿಂದ ಬಿಎಸ್ಸಿ ಪದವಿ ಸಿಗುವುದಿಲ್ಲ

‘ಪಾಳಿ ಕೆಲಸ ಮಾಡುತ್ತಲೇ ಸ್ವಯಂ ಪೋರ್ಟಲ್‌ನಲ್ಲಿ ಉಚಿತವಾಗಿ ಬಿಎಸ್ಸಿ ಮುಗಿಸಬಹುದು’ ಎಂಬ ಸಂದೇಶ ಬೆಳಗಾವಿ, ಬಾಗಲಕೋಟೆಯ ಕಾರ್ಖಾನೆ ನೌಕರರ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು. ಸ್ವಯಂ ಎಂದರೆ ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ತಾಣ; ಅಲ್ಲಿ ಸಿಗುವುದು ಬಿಡಿ ಕೋರ್ಸ್‌ನ ಪ್ರಮಾಣಪತ್ರ. ಅದರ ಕ್ರೆಡಿಟ್ ಪದವಿಗೆ ಸೇರಬೇಕೆಂದರೆ ಕಾಲೇಜಿನಲ್ಲಿ ಪ್ರವೇಶ ಇರಬೇಕು, ಕಾಲೇಜು ಒಪ್ಪಿರಲೂಬೇಕು. ಪ್ರಯೋಗಾಲಯ ಕಡ್ಡಾಯವಿರುವ ಪದವಿಯನ್ನು ಪೂರ್ತಿ ಆನ್‌ಲೈನ್‌ನಲ್ಲಿ ನಡೆಸಲು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2020ರ ನಿಯಮ ಬಿಡುವುದಿಲ್ಲ. ರಸಾಯನಶಾಸ್ತ್ರದ ಟೈಟ್ರೇಶನ್ ಪ್ರಯೋಗ ಮೊಬೈಲ್ ನೋಡಿ ಕೈಗೆ ಹತ್ತುವಂಥದ್ದೂ ಅಲ್ಲ.

‘ಉಚಿತ’ ಎಂಬುದು ಅರ್ಧ ಸತ್ಯ. ಪಾಠ ಉಚಿತ, ಪರೀಕ್ಷೆಗೆ ಶುಲ್ಕವಿದೆ. ಸ್ವಯಂನಲ್ಲಿ ಐಐಟಿಗಳು ಮತ್ತು ಐಐಎಸ್‌ಸಿ ನಡೆಸುವ ಎನ್‌ಪಿಟಿಇಎಲ್ ಕೋರ್ಸ್‌ಗೆ ಹೆಸರು ಹಚ್ಚಿದರೆ ಸಾಲದು, ಪರೀಕ್ಷೆಗೆ ಬೇರೆ ನೋಂದಣಿ ಮಾಡಿಸಬೇಕು. ಬಹಳ ಜನ ಎಡವುವುದು ಇಲ್ಲೇ. ಅಸೈನ್‌ಮೆಂಟ್‌ಗೆ 25, ಪರೀಕ್ಷೆಗೆ 75 ಅಂಕ. ಪಾಸಾಗಲು ಅಸೈನ್‌ಮೆಂಟ್‌ನಲ್ಲಿ ಕನಿಷ್ಠ 10, ಪರೀಕ್ಷೆಯಲ್ಲಿ ಕನಿಷ್ಠ 30 ಬೇಕು. 12 ವಾರದ ಕೋರ್ಸಿನಲ್ಲಿ ಉತ್ತಮ 8 ಅಸೈನ್‌ಮೆಂಟ್ ಮಾತ್ರ ಲೆಕ್ಕಕ್ಕೆ ಬರುತ್ತವೆ. ರಾತ್ರಿ ಪಾಳಿಯಲ್ಲಿ ಒಂದೆರಡು ತಪ್ಪಿದರೂ ನಡೆದೀತು.