ಮೂಗಿಲ್ಲದ ಮಹಾರಾಜರ ಸೇವೆಯಲ್ಲಿ

ನಮ್ಮ ಗುಂಡ ಪರ್ಷಿಯನ್ ಬೆಕ್ಕು. ಪಕ್ಕದಿಂದ ನೋಡಿದರೆ ಹಣೆ, ಮೂಗು, ಗದ್ದ ಮೂರೂ ಒಂದೇ ಗೆರೆಯಲ್ಲಿವೆ. ಓಡಿ ಹೋಗಿ ಗೋಡೆಗೆ ಗುದ್ದಿಕೊಂಡಿದ್ದಲ್ಲ. ಅಮೆರಿಕದ ಕ್ಯಾಟ್ ಫ್ಯಾನ್ಸಿಯರ್ಸ್ ಅಸೋಸಿಯೇಷನ್ ಈ ತಳಿಯ ಚೆಂದಕ್ಕೆ ಮಾಡಿಟ್ಟ ನಿಯಮವೇ ಹಾಗಿದೆ. ಮೂರೂ ನೆಟ್ಟಗೆ ಒಂದೇ ಸಾಲಿನಲ್ಲಿ ಕಾಣಬೇಕಂತೆ. ಅಡ್ಡ ಬಂದಿದ್ದು ಮೂಗು ಒಂದೇ. ಅದನ್ನು ಒಳಗೆ ತಳ್ಳಿದರು.

1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಹ್ಯಾರಿಸನ್ ವಿಯರ್ ಎಂಬುವರು ದೊಡ್ಡ ಬೆಕ್ಕಿನ ಪ್ರದರ್ಶನ ನಡೆಸಿದರು. ಆ ಕಾಲದ ಚಿತ್ರಗಳಲ್ಲಿ ಉದ್ದ ಕೂದಲಿನ ಬೆಕ್ಕುಗಳಿಗೆ ಮೂಗು ಅಂತ ಒಂದು ಕಾಣುತ್ತದೆ. ಆಮೇಲೆ ಬಹುಮಾನ ಶುರುವಾಯಿತು. ಚಪ್ಪಟೆ ಮುಖಕ್ಕೆ ಪದಕ, ಇನ್ನೂ ಚಪ್ಪಟೆ ಮುಖಕ್ಕೆ ಇನ್ನೂ ದೊಡ್ಡ ಪದಕ. ಪದಕ ಮುಂದೆ ಬಂದಷ್ಟೂ ಮೂಗು ಹಿಂದೆ ಹೋಯಿತು. ಹೆಸರಿನಲ್ಲಿರುವ ಪರ್ಷಿಯಾ ಕೂಡ ಹೀಗೇ ಕಾಣೆಯಾಗಿದೆ ಬಿಡಿ. 2008ರ ಒಂದು ಜೀನ್ ಅಧ್ಯಯನದ ಪ್ರಕಾರ ಇವರ ನೆಂಟಸ್ತನ ಯುರೋಪಿನ ಬೀದಿ ಬೆಕ್ಕುಗಳ ಜೊತೆ ಜಾಸ್ತಿ.

ಮೂಗು ಹೋದ ಮೇಲೆ ಅದರ ಕೆಲಸ ಯಾರಾದರೂ ಮಾಡಬೇಕಲ್ಲ? ಆ ಹುದ್ದೆಯಲ್ಲಿ ನಾನಿದ್ದೇನೆ. ಕಣ್ಣೀರು ಕಣ್ಣಿನಿಂದ ಮೂಗಿಗೆ ಇಳಿಯುವ ನಾಳ ಮಡಚಿದ ಪೈಪಿನಂತಾಗಿದೆ. ನೀರೆಲ್ಲ ಕೆನ್ನೆ ಮೇಲೆ. ದಿನಾ ಬೆಳಿಗ್ಗೆ ಉಗುರುಬೆಚ್ಚಗಿನ ನೀರಲ್ಲಿ ಹತ್ತಿ ಅದ್ದಿ, ಮೂಗಿನ ಪಕ್ಕದ ಮಡಿಕೆಯಿಂದ ಕಂದು ಬಣ್ಣದ ಅಂಟು ತೆಗೆಯುತ್ತೇನೆ. ಬಿಟ್ಟರೆ ಅಲ್ಲಿ ಚರ್ಮ ಹುಣ್ಣಾಗುತ್ತದೆ. ಗುಂಡ ಅಷ್ಟೂ ಹೊತ್ತು ನನ್ನನ್ನು ಸಾಲಗಾರನನ್ನು ನೋಡುವ ಹಾಗೆ ನೋಡುತ್ತಾನೆ.

ಊಟದ್ದು ಬೇರೆಯೇ ನಾಟಕ. ಆಳದ ಬಟ್ಟಲಿಟ್ಟರೆ ಬಾಯಿಗಿಂತ ಮೊದಲು ಹಣೆ ಅಂಚಿಗೆ ತಾಗುತ್ತದೆ. ಹಾಗಾಗಿ ತಟ್ಟೆ. ಅದರಲ್ಲಿ ಒಂದು ಕಾಳನ್ನು ಗದ್ದದಿಂದ ಸುತ್ತ ಓಡಿಸಿ, ಮೂಲೆಗೆ ಸೇರಿಸಿ, ನಾಲಿಗೆಯ ಕೆಳಭಾಗಕ್ಕೆ ಅಂಟಿಸಿಕೊಂಡು ಒಳಗೆಳೆಯುತ್ತಾನೆ. ಐದು ಬಾಯಿಗೆ, ನಾಲ್ಕು ನೆಲಕ್ಕೆ. ಹುಲಿಯ ನೆಂಟ!

ಇನ್ನು ಕೂದಲು. ಬೆಕ್ಕು ತನ್ನ ಮೈ ತಾನೇ ನೆಕ್ಕಿ ಸ್ವಚ್ಛ ಮಾಡಿಕೊಳ್ಳುವ ಪ್ರಾಣಿ ಅಂತ ಓದಿದ್ದೆ. ಆ ಪಾಠ ಇವನಿಗೆ ಅನ್ವಯಿಸುವುದಿಲ್ಲ. ದಿನಾ ಬಾಚಬೇಕು. ಎರಡು ದಿನ ತಪ್ಪಿದರೆ ಕಿವಿ ಹಿಂದೆ, ಕಂಕುಳಲ್ಲಿ ಕಂಬಳಿಯಂಥ ಗಂಟು. ಕತ್ತರಿ ಹಾಕೋಣ ಅಂದರೆ ಗಂಟಿನ ಜೊತೆ ತೆಳು ಚರ್ಮವೂ ಎದ್ದು ಬರುತ್ತದೆ, ಅಪಾಯ. ಮೂಗಿಗಿಂತ ಮೂಗುತಿ ಭಾರ ಅಂತಾರೆ. ಇಲ್ಲಿ ಮೂಗೇ ಇಲ್ಲ, ಬರೀ ಮೂಗುತಿ.

ಅವನ ಜೊತೆ ಒಂದು ವಂಶಾವಳಿ ಪತ್ರವೂ ಬಂದಿತ್ತು. ಅಜ್ಜ ಚಾಂಪಿಯನ್, ಮುತ್ತಜ್ಜಿ ಗ್ರ್ಯಾಂಡ್ ಚಾಂಪಿಯನ್. ಕಿಡ್ನಿ ವಿಷಯ ಮಾತ್ರ ಎಲ್ಲೂ ಇಲ್ಲ. ಈ ತಳಿಯಲ್ಲಿ ಕಿಡ್ನಿ ತುಂಬ ನೀರ್ಗುಳ್ಳೆ ಬೆಳೆಯುವ ಕಾಯಿಲೆ ಜಾಸ್ತಿ. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಆ ಜೀನ್ ಬಂದರೂ ಸಾಕು. ಮರಿ ಮಾಡಿಸುವ ಮೊದಲೇ ಪರೀಕ್ಷೆ ಮಾಡಿಸಬಹುದು. ಆದರೆ ಕಿಡ್ನಿ ಫೋಟೋದಲ್ಲಿ ಬೀಳುವುದಿಲ್ಲ, ಅಲ್ವಾ?

ಮೊನ್ನೆ ಮನೆಗೆ ಬಂದ ಗೆಳೆಯರೊಬ್ಬರು ಗುಂಡನ ಗೊರಕೆ ಕೇಳಿ ಕರಗಿಹೋದರು. 'ಅಯ್ಯೋ, ಎಷ್ಟು ಮುದ್ದಾಗಿ ಉಸಿರಾಡ್ತಾನೆ!' ಎಂದು ವಿಡಿಯೋ ಮಾಡಿಕೊಂಡರು. ಅದೇ ಸದ್ದು ಅವರ ಮಾವನಿಂದ ಬಂದಾಗ ಅದೇ ವಾರ ಡಾಕ್ಟರ ಬಳಿ ಎಳೆದುಕೊಂಡು ಹೋಗಿದ್ದರು. ಮೂಗಿನ ಹೊಳ್ಳೆ ಸೂಜಿ ತೂರುವಷ್ಟೇ ಇದೆ, ಅದಕ್ಕೇ ಆ ಸದ್ದು ಎಂದೆ. ಸೆಕೆ ಹೆಚ್ಚಾದರೆ ಬಾಯಿ ತೆರೆದು ಏದುಸಿರು ಬಿಡುತ್ತಾನೆ ಎಂದೂ ಹೇಳಿದೆ. ಗಮನವಿಟ್ಟು ಕೇಳಿದರು.

'ನಮಗೂ ಒಂದು ಮರಿ ಬೇಕಿತ್ತು' ಎಂದರು. 'ಮೂಗು ಇನ್ನೂ ಸ್ವಲ್ಪ ಒಳಗಿರೋದು ಸಿಗುತ್ತಾ?'

ಗುಂಡ ಅವರ ಮುಖಕ್ಕೇ ಸೀನಿದ. ನಾನು ಹತ್ತಿ ಉಂಡೆ ಕೊಟ್ಟೆ.