ಸೋತವರ ಕೈಗೆ ಎಷ್ಟು?

ನಿಂತುಹೋದ ಗೇಮ್ ಶೋ ಒಂದು ಮತ್ತೆ ಬರುತ್ತಿದೆ ಅಂದರೆ ಜಾಹೀರಾತಿನಲ್ಲಿ ಮೊದಲು ಕಾಣುವುದು ದೊಡ್ಡ ಮೊತ್ತ. ಈ ಸಲ ಎಷ್ಟು ಕೋಟಿ! ನಾನು ಇಂಗ್ಲೆಂಡಿನಲ್ಲಿ ಕೂತು ಇಲ್ಲಿನ ಶೋಗಳನ್ನೂ ನೋಡುತ್ತೇನೆ, ನಮ್ಮ ಕಡೆಯವನ್ನೂ ನೋಡುತ್ತೇನೆ. ಆ ಮೊತ್ತದ ಬಗ್ಗೆ ನನಗೆ ಅಷ್ಟೇನೂ ಕುತೂಹಲ ಇಲ್ಲ. ತಪ್ಪು ಉತ್ತರ ಕೊಟ್ಟವರು ಎಷ್ಟು ದುಡ್ಡು ಹಿಡಿದು ಮನೆಗೆ ಹೋಗುತ್ತಾರೆ? ಆ ನಿಯಮ ಬದಲಾಯಿತೋ, ಆಟವೇ ಬೇರೆಯಾಗುತ್ತದೆ.

ಇಲ್ಲಿನ 'ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್' ನೋಡಿ. 1998ರಲ್ಲಿ ಐಟಿವಿಯಲ್ಲಿ ಶುರುವಾದದ್ದು. ಆಗ 15 ಪ್ರಶ್ನೆ, 10 ಲಕ್ಷ ಪೌಂಡ್. 5ನೇ ಪ್ರಶ್ನೆ ದಾಟಿದರೆ 1,000 ಪೌಂಡ್ ಖಾತ್ರಿ, 10ನೇದು ದಾಟಿದರೆ 32,000. 2014ರಲ್ಲಿ ನಿಂತ ಈ ಶೋ 2018ರಲ್ಲಿ ಜೆರೆಮಿ ಕ್ಲಾರ್ಕ್‌ಸನ್ ಜೊತೆ ವಾಪಸ್ ಬಂತು. ಮೇಲಿನ ಬಹುಮಾನ ಒಂದು ಪೌಂಡೂ ಏರಲಿಲ್ಲ. ಅಷ್ಟರಲ್ಲಿ ಲಂಡನ್ನಿನ ಮನೆ ಬೆಲೆ ಎಲ್ಲಿಗೋ ಹೋಗಿತ್ತು, ಅದು ಬೇರೆ ಮಾತು.

ಬದಲಾದದ್ದು ಸೇಫ್ಟಿ ನೆಟ್, ಅಂದರೆ ಮುಂದೆ ತಪ್ಪು ಹೇಳಿದರೂ ಕೈಯಲ್ಲಿ ಉಳಿಯುವ ಖಾತ್ರಿ ಮೊತ್ತ. 1,000 ಪೌಂಡಿನದು ಹಾಗೇ ಉಳಿಯಿತು. ಎರಡನೆಯದನ್ನು ಎಲ್ಲಿ ಇಡಬೇಕು ಅಂತ ಈಗ ಆಡುವವರೇ ಹೇಳಬೇಕು. ಅದೂ ಆ ಮೊತ್ತದ ಪ್ರಶ್ನೆ ಕಣ್ಣಿಗೆ ಬೀಳುವ ಮೊದಲೇ. ಬೇಗ ಇಟ್ಟುಬಿಟ್ಟರೆ ಮೇಲೆ ಹೋದಾಗ ಎಡವಿದರೆ ಅಷ್ಟಕ್ಕೇ ಬಂದು ಬೀಳುತ್ತೀರಿ. ಮುಂದಕ್ಕೆ ಹಾಕುತ್ತಾ ಹೋದರೆ ಒಂದೇ ತಪ್ಪಿಗೆ ಸೀದಾ 1,000ಕ್ಕೆ. ಹಳೆಯ ಆಟದಲ್ಲಿ 11ನೇ ಪ್ರಶ್ನೆಗೆ ಸುಮ್ನೆ ಒಂದು ಊಹೆ ಹೊಡೆಯಬಹುದಿತ್ತು, ಕಳೆದುಕೊಳ್ಳುವುದೇನೂ ಇರಲಿಲ್ಲ. ಆ ಪುಕ್ಕಟೆ ಧೈರ್ಯ ಈಗ ತಾನಾಗಿ ಸಿಗುವುದಿಲ್ಲ, ನೆಟ್ ಅಲ್ಲೇ ಇಟ್ಟಿದ್ದರೆ ಮಾತ್ರ. ಎದುರಿಗೆ ಕೂತವರು ಪುಕ್ಕಲರೋ, ಹುಂಬರೋ, ಲೆಕ್ಕದಲ್ಲಿ ಗಟ್ಟಿಯೋ ಅನ್ನುವುದು ಉತ್ತರಕ್ಕಿಂತ ಮೊದಲೇ ಗೊತ್ತಾಗಿಬಿಡುತ್ತದೆ. ದುಡ್ಡು ಏರಿಸದೆ ಕುತೂಹಲ ಏರಿಸಿದ್ದಾರೆ. ಇದು ನನಗೆ ತುಂಬಾ ಹಿಡಿಸಿತು.

ಅಮೆರಿಕದವರು ಇನ್ನೂ ಖಡಕ್. ಅಲ್ಲಿನ ಕ್ವಿಜ್ ಶೋ 'ಜೆಪರ್ಡಿ' 1964ರಲ್ಲಿ ಶುರುವಾದಾಗ ಆಡಿದ ಮೂವರೂ ತಾವು ಗಳಿಸಿದ ದುಡ್ಡನ್ನು ಮನೆಗೆ ಒಯ್ಯಬಹುದಿತ್ತು. ಹಾಗಾಗಿ ಕೆಲವರು ತಮಗೆ ಬೇಕಾದಷ್ಟು ಆದ ಮೇಲೆ ಬಜರ್ ಒತ್ತುವುದನ್ನೇ ಬಿಡುತ್ತಿದ್ದರು. 1984ರಲ್ಲಿ ಶೋ ಮತ್ತೆ ಬಂದಾಗ ನಿಯಮ ಬದಲಾಯಿತು: ಗಳಿಸಿದ ದುಡ್ಡು ಗೆದ್ದವರಿಗೆ ಮಾತ್ರ, ಉಳಿದಿಬ್ಬರಿಗೆ ಉಡುಗೊರೆ. ಆಮೇಲೆ ಕೈಕಟ್ಟಿ ಕೂರುವ ಮಾತೇ ಇಲ್ಲ. ಎರಡನೆಯ, ಮೂರನೆಯ ಸ್ಥಾನದವರಿಗೆ ನಿಗದಿಯಾದ ನಗದು ಕೊಡಲು ಶುರು ಮಾಡಿದ್ದು 2002ರಲ್ಲಿ.

ಇನ್ನು ನಮ್ಮ ಕಡೆ. 'ಕೌನ್ ಬನೇಗಾ ಕರೋಡ್‌ಪತಿ' 2000ದಲ್ಲಿ 1 ಕೋಟಿಯಿಂದ ಶುರುವಾಯಿತು. 2005ರಲ್ಲಿ 2 ಕೋಟಿ, 2010ರಲ್ಲಿ ಸೋನಿಗೆ ಹೋದಾಗ 5 ಕೋಟಿಯ ಜಾಕ್‌ಪಾಟ್, 2013ರಲ್ಲಿ 7 ಕೋಟಿ. ಸ್ವಾತಂತ್ರ್ಯದ 75ನೇ ವರ್ಷ ಅಂತ 2022ರಲ್ಲಿ ಏಳೂವರೆ ಕೋಟಿ. ಆ ವರ್ಷ 75 ಲಕ್ಷಕ್ಕೆ ಮೂರನೆಯದೊಂದು ಪಡಾವ್ (ಸೇಫ್ಟಿ ನೆಟ್‌ಗೆ ಅಲ್ಲಿ ಹೀಗನ್ನುತ್ತಾರೆ) ಕೂಡ ಸೇರಿಸಿದರು. ಕೋಟಿಯ ಪ್ರಶ್ನೆಗೆ ತಪ್ಪು ಹೇಳಿದರೂ 75 ಲಕ್ಷ ಕೈಯಲ್ಲೇ. ಬ್ರಿಟನ್ನಿನವರು ಇದ್ದ ಆಸರೆಯನ್ನು ಸಡಿಲ ಮಾಡಿದರೆ ನಮ್ಮವರು ಇನ್ನೊಂದು ಆಸರೆ ಕೊಟ್ಟರು. ಮನೆಮಂದಿಯೆಲ್ಲಾ ಕೂತು ನೋಡುವ ಶೋ, ಅಷ್ಟು ಮೇಲೆ ಹೋದವರನ್ನು ಕೆಳಕ್ಕೆ ಬೀಳಿಸಲು ಮನಸ್ಸು ಬರುವುದಿಲ್ಲ ಅಲ್ವಾ?

ಆದರೆ ಮೊದಲ ಎರಡು ಪಡಾವ್ ನೋಡಿ. 2000ದಲ್ಲಿ 10,000 ಮತ್ತು 3,20,000 ರೂಪಾಯಿ. 2022ರಲ್ಲೂ ಅಷ್ಟೇ! ತುದಿಯ ಮೊತ್ತ ಏಳೂವರೆ ಪಟ್ಟು ಆದರೂ ಬುಡದ್ದು ಅಲ್ಲಾಡಲಿಲ್ಲ. 75 ಲಕ್ಷದ ಆಸರೆ ಬಳಕೆಗೆ ಬರುತ್ತಿದ್ದದ್ದು ಅಷ್ಟು ಮೇಲೆ ಹತ್ತಿದ ಬೆರಳೆಣಿಕೆ ಮಂದಿಗೆ. ಜಾಸ್ತಿ ಜನ ಎಡವುವುದು ಕೆಳಗಿನ ಮೆಟ್ಟಿಲಲ್ಲಿ. 2000ದ 10,000 ರೂಪಾಯಿಗೆ ಆಗ ಒಂದು ತೂಕ ಇತ್ತು. ಈಗ ಒಂದು ಸಾಧಾರಣ ಮೊಬೈಲ್ ಬಂದರೆ ಹೆಚ್ಚು.

ತೆರಿಗೆಯ ವಿಷಯವೂ ಇದೆ. ಇಲ್ಲಿ ಗೇಮ್ ಶೋದಲ್ಲಿ ಗೆದ್ದ ದುಡ್ಡಿಗೆ ತೆರಿಗೆ ಇಲ್ಲ. 2020ರಲ್ಲಿ ಡೊನಾಲ್ಡ್ ಫಿಯರ್ ಅನ್ನುವ ಇತಿಹಾಸದ ಮೇಷ್ಟ್ರು 10 ಲಕ್ಷ ಪೌಂಡ್ ಗೆದ್ದರು, ಅಷ್ಟೂ ಅವರದೇ. ಭಾರತದಲ್ಲಿ ಶೇ. 30 ತೆರಿಗೆ, ಮೊತ್ತ ದೊಡ್ಡದಾದರೆ ಸರ್‌ಚಾರ್ಜ್, ಸೆಸ್ ಬೇರೆ. 1 ಕೋಟಿ ಅಂದಾಗ ಕೈಗೆ ಬರುವುದು ಸುಮಾರು ಮೂರನೇ ಎರಡು ಪಾಲು.

'ಕನ್ನಡದ ಕೋಟ್ಯಧಿಪತಿ' 2012ರಲ್ಲಿ ಪುನೀತ್ ರಾಜ್‌ಕುಮಾರ್ ಜೊತೆ ಶುರುವಾಯಿತು. 2018ರಲ್ಲಿ ರಮೇಶ್ ಅರವಿಂದ್, 2019ರಲ್ಲಿ ಮತ್ತೆ ಪುನೀತ್. ಅದು ಇನ್ನೊಮ್ಮೆ ಬಂದರೆ 1 ಕೋಟಿಯನ್ನು 5 ಮಾಡುವ ಗೋಜಿಗೆ ಹೋಗಬೇಡಿ ಅನ್ನುತ್ತೇನೆ. ಆ ದುಡ್ಡಿನಲ್ಲಿ ಮೊದಲ ಖಾತ್ರಿಯನ್ನು 1 ಲಕ್ಷಕ್ಕೆ ಏರಿಸಿ. ಎರಡನೆಯದನ್ನು ಇಂಗ್ಲೆಂಡಿನ ಹಾಗೆ ಹಾಟ್ ಸೀಟಿನಲ್ಲಿ ಕೂತವರಿಗೇ ಬಿಡಿ. ಹಾವೇರಿಯ ಟೀಚರೊಬ್ಬರು 'ಈಗಲೇ ಬೇಡ ಸಾರ್, ಮುಂದಿನದಕ್ಕೆ ಇಡ್ತೀನಿ' ಅನ್ನುವುದನ್ನು ಕೇಳಲು ನಾನು ಇಲ್ಲಿ ಅಲಾರಾಂ ಇಟ್ಟುಕೊಂಡು ಏಳಲೂ ತಯಾರು.