ತಂಗಿಯ ಮಗಳಿಗೆ ಪೊಲೀಸ್ ಆಫೀಸಿನಲ್ಲಿ ಕೆಲಸ ಬಂದಿದೆ

ಕಳೆದ ಭಾನುವಾರ ತಂಗಿಯ ಮನೆಯಲ್ಲಿ ಪೂಜೆ ಇತ್ತು. ಊಟ ಮುಗಿದು ಎಲ್ಲರೂ ಜಗಲಿಯಲ್ಲಿ ಕೂತಿದ್ದಾಗ ಅವಳ ಮಗಳು ಒಳಗಿಂದ ಒಂದು ಕಾಗದ ತಂದು ನನ್ನ ಕೈಗೆ ಕೊಟ್ಟಳು. ಕೇರಳ ಪಿಎಸ್‌ಸಿಯ (ಲೋಕಸೇವಾ ಆಯೋಗದ) ಅಡ್ವೈಸ್ ಮೆಮೊ, ಅಂದರೆ ಕೆಲಸಕ್ಕೆ ಆಯ್ಕೆ ಆದ ಕಾಗದ. ಹುದ್ದೆ ಎಲ್‌ಡಿ (ಲೋವರ್ ಡಿವಿಷನ್) ಕ್ಲರ್ಕ್, ಇಲಾಖೆ ಪೊಲೀಸ್. ಎರಡು ವರ್ಷ ರಾತ್ರಿ ನಿದ್ದೆ ಬಿಟ್ಟು ಓದಿದ ಹುಡುಗಿ. ಆದರೆ ಮುಖದಲ್ಲಿ ಗೆಲುವು ಕಾಣಲಿಲ್ಲ.

ಯಾಕೆ ಅಂತ ಕೇಳುವ ಮೊದಲೇ ಜಗಲಿಯೇ ಉತ್ತರ ಕೊಟ್ಟಿತು. ದೊಡ್ಡ ಭಾವ, "ಹೆಣ್ಣುಮಕ್ಕಳಿಗೆ ಎಂತಕ್ಕೆ ಅದು? ಬೆಳಗಾದರೆ ಕಳ್ಳರ, ಕುಡುಕರ ಮುಖ ನೋಡ್ಬೇಕು" ಅಂದರು. ಇನ್ನೊಬ್ಬರು, "ರೆವಿನ್ಯೂ ಸಿಕ್ಕಿದ್ರೆ ಚಂದ ಇತ್ತು, ಪುನಃ ಪರೀಕ್ಷೆ ಬರೀಲಿ" ಅಂದರು. ಪಕ್ಕದ ಮನೆಯವರಿಗೆ ಮಾತ್ರ ಸಂತೋಷವೋ ಸಂತೋಷ. "ನಮಗೆಲ್ಲ ಇನ್ನು ಒಂದು ಬಲ ಆಯ್ತು ಬಿಡಿ" ಅಂದರು. ನನಗೆ ಮೊದಲಿನ ಎರಡು ಮಾತಿಗಿಂತ ಈ ಮೂರನೆಯದೇ ಹೆಚ್ಚು ಹೆದರಿಕೆ ಹುಟ್ಟಿಸಿತು. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಾನು ಅದೇ ಇಲಾಖೆಯಲ್ಲಿ ಕ್ಲರ್ಕ್ ಆಗಿ ಸೇರಿ, ಜೂನಿಯರ್ ಸೂಪರಿಂಟೆಂಡೆಂಟ್ ಆಗಿ ನಿವೃತ್ತಳಾದವಳು. ಜಗಲಿಯಲ್ಲಿ ಆ ಗದ್ದಲದಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಾಸರಗೋಡು ಕಡೆಯ ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಎಷ್ಟೋ ಮಕ್ಕಳು ಪಿಎಸ್‌ಸಿ ಬರೆಯುತ್ತಿದ್ದಾರೆ. ಅವರಿಗೂ, ಅವರ ತಂದೆ ತಾಯಿಗೂ ಉಪಯೋಗ ಆದೀತು.

ಮೊದಲು ತಿಳಿಯಬೇಕಾದ್ದು, ಇದು ಸ್ಟೇಷನ್ ಕೆಲಸ ಅಲ್ಲ. ದೂರು ಬರೆದುಕೊಳ್ಳುವುದು, ಎಫ್‌ಐಆರ್ ಹಾಕುವುದು, ಜಿಡಿ (ಸ್ಟೇಷನ್ನಿನ ದಿನಚರಿ) ಬರೆಯುವುದು ಎಲ್ಲ ಖಾಕಿ ಹಾಕಿದವರ ಕೆಲಸ. ನಮ್ಮನ್ನು ಮಿನಿಸ್ಟೀರಿಯಲ್ ಸ್ಟಾಫ್ ಅನ್ನುತ್ತಾರೆ. ಜಿಲ್ಲಾ ಪೊಲೀಸ್ ಆಫೀಸಿನಲ್ಲೋ ಬೆಟಾಲಿಯನ್ ಆಫೀಸಿನಲ್ಲೋ ಮೇಜಿನ ಮುಂದೆ ಕೂರುವವರು. ಜಿಲ್ಲೆಯ ಅಷ್ಟೂ ಪೊಲೀಸರ ಸಂಬಳ ಸ್ಪಾರ್ಕ್ ಎಂಬ ಸರಕಾರಿ ಸಾಫ್ಟ್‌ವೇರಿನಲ್ಲಿ ಮಾಡುವುದು, ಇನ್‌ಕ್ರಿಮೆಂಟ್, ರಜೆ, ಪಿಎಫ್ ಸಾಲ, ಟಿಎ (ಪ್ರಯಾಣ ಭತ್ಯೆ) ಬಿಲ್, ಸರ್ವಿಸ್ ಬುಕ್, ಪಿಂಚಣಿ ಕಾಗದ, ಶಿಸ್ತು ಕ್ರಮದ ಫೈಲ್, ತಪಾಲು, ಸಾರ್ವಜನಿಕರ ಅರ್ಜಿ. ಕಳ್ಳರ ಮುಖ ನಾನು ನನ್ನ ಸರ್ವಿಸಿನಲ್ಲಿ ಕಂಡದ್ದು ಬಹಳ ಕಡಿಮೆ. ಕಂಡದ್ದು ಹೆಚ್ಚಾಗಿ ಟಿಎ ಬಿಲ್ ಪಾಸಾಗದೆ ಬೇಸರಪಟ್ಟ ಪೊಲೀಸರ ಮುಖ. ನಮಗೆ ಯೂನಿಫಾರ್ಮ್ ಇಲ್ಲ, ಪರೇಡ್ ಇಲ್ಲ, ರಾತ್ರಿ ಡ್ಯೂಟಿ ಸಾಮಾನ್ಯವಾಗಿ ಇಲ್ಲ. ಹತ್ತರಿಂದ ಐದರ ಆಫೀಸು. ಮಾರ್ಚ್ ಕೊನೆಯಲ್ಲಿ, ಚುನಾವಣೆ ಸಮಯದಲ್ಲಿ ಮಾತ್ರ ಸಂಜೆಯ ಬಸ್ಸು ತಪ್ಪುತ್ತದೆ.

ಇದು ಸಣ್ಣ ಕೆಲಸ ಅಂತ ಯಾರಾದರೂ ಅಂದರೆ ನಾನು ಒಂದು ಸರ್ವಿಸ್ ಬುಕ್ಕಿನ ಕಥೆ ಹೇಳುತ್ತೇನೆ. ಡ್ಯೂಟಿಯಲ್ಲಿದ್ದಾಗಲೇ ಹೃದಯಾಘಾತ ಆಗಿ ಒಬ್ಬ ಪೊಲೀಸಿನವ ತೀರಿಕೊಂಡ. ಹದಿನೈದು ದಿನ ಕಳೆದು ಅವನ ಹೆಂಡತಿ ಬಂದಳು, ಸೊಂಟದಲ್ಲಿ ಸಣ್ಣ ಮಗು. ನಾನು ಬುಕ್ ತೆಗೆದು ನಾಮಿನೇಷನ್ ಪುಟ ನೋಡಿದರೆ ಅದರಲ್ಲಿ ಇದ್ದದ್ದು ಮದುವೆಗೆ ಮೊದಲು ಬರೆದ ತಾಯಿಯ ಹೆಸರು. ತಾಯಿ ಹೋಗಿ ಆಗಲೇ ವರ್ಷಗಳಾಗಿದ್ದವು. ಇನ್ನು ಆ ಹುಡುಗಿ ತಹಸೀಲ್ದಾರರ ಆಫೀಸಿಗೆ ಹೋಗಿ ವಾರಸುದಾರರ ಸರ್ಟಿಫಿಕೇಟ್ ತರಬೇಕು, ನಾವು ಪುನಃ ಬರೆಯಬೇಕು, ಅಷ್ಟೂ ತಿಂಗಳು ಹಣ ಸರಕಾರದ ಹತ್ತಿರವೇ. ಮಗು ಮೇಜಿನ ಮೇಲಿದ್ದ ಸ್ಟಾಂಪ್ ಪ್ಯಾಡಿಗೆ ಕೈ ಹಾಕಿ ಬೆರಳೆಲ್ಲ ನೇರಳೆ ಮಾಡಿಕೊಂಡಿತ್ತು, ಅವಳು ಅದನ್ನು ಸೆರಗಿನಲ್ಲಿ ಒರೆಸುತ್ತಾ ನಾನು ಹೇಳಿದ್ದಕ್ಕೆಲ್ಲ ತಲೆ ಆಡಿಸುತ್ತಿದ್ದಳು. ಅವತ್ತಿನಿಂದ ಯಾವ ಕಾರಣಕ್ಕೆ ಬುಕ್ ನನ್ನ ಮೇಜಿಗೆ ಬಂದರೂ ಮೊದಲು ನಾಮಿನೇಷನ್ ಪುಟ ತೆರೆಯುತ್ತಿದ್ದೆ. ಹಳೆಯದಾಗಿದ್ದರೆ ಆ ಪೊಲೀಸಿನವರಿಗೆ ಫೋನ್ ಮಾಡಿ, "ಬಂದು ಒಂದು ಸಹಿ ಹಾಕಿ ಹೋಗಿ" ಅಂತ ಕರೆಸುತ್ತಿದ್ದೆ. ಇದನ್ನು ಮಾಡಿ ಅಂತ ಯಾವ ಮೇಲಧಿಕಾರಿಯೂ ನನಗೆ ಹೇಳಿದ್ದಿಲ್ಲ.

ಸಂಬಳದ ವಿಷಯ ಬೇಗ ಮುಗಿಸುತ್ತೇನೆ. 2019ರ ವೇತನ ಪರಿಷ್ಕರಣೆಯಲ್ಲಿ ಕ್ಲರ್ಕಿನ ಸ್ಕೇಲ್ 26,500ರಿಂದ 60,700 ಆಯಿತು, ಮೇಲೆ ತುಟ್ಟಿಭತ್ಯೆ. ಶ್ರೀಮಂತಿಕೆ ಬರುವುದಿಲ್ಲ, ಮರ್ಯಾದೆಯಿಂದ ಬದುಕಬಹುದು. ನನಗೂ ಅವಳಿಗೂ ಇರುವ ದೊಡ್ಡ ವ್ಯತ್ಯಾಸ ಪಿಂಚಣಿ. ನಾನು ಹಳೆಯ ಪಿಂಚಣಿಯವಳು, 56ಕ್ಕೆ ಮನೆಗೆ ಬಂದೆ. ಕೇರಳದಲ್ಲಿ 2013ರ ಏಪ್ರಿಲ್ 1ರಿಂದ ಸೇರಿದವರೆಲ್ಲ ಪಾಲುದಾರಿಕೆ ಪಿಂಚಣಿಗೆ ಬಂದರು, ಸಂಬಳದಿಂದ ನೂರಕ್ಕೆ ಹತ್ತು ಅದಕ್ಕೆ ಹೋಗುತ್ತದೆ, ನಿವೃತ್ತಿ 60ಕ್ಕೆ. "ಸರಕಾರಿ ಕೆಲಸ ಅಂದರೆ ಸಾಯುವವರೆಗೆ ಪಿಂಚಣಿ" ಅಂತ ಜಗಲಿಯಲ್ಲಿ ಹೇಳಿದವರು ನನ್ನನ್ನು ನೋಡಿ ಹೇಳಿದ್ದು, ಅವಳದ್ದು ನನ್ನ ಹಾಗೆ ಹಳೆಯ ಪಿಂಚಣಿ ಅಲ್ಲ. ಮತ್ತೆ, ಅಕೌಂಟ್ ಟೆಸ್ಟ್ ಲೋವರ್ ಮತ್ತು ಆಫೀಸ್ ಪ್ರೊಸೀಜರಿನ ಎಂಒಪಿ ಎಂಬ ಎರಡು ಇಲಾಖಾ ಪರೀಕ್ಷೆಗಳನ್ನೂ ಸೇರಿದ ಮೊದಲ ವರ್ಷಗಳಲ್ಲೇ ಪಾಸು ಮಾಡಿಕೊಳ್ಳಬೇಕು. ಮದುವೆ, ಮಕ್ಕಳು ಅಂತ ಮುಂದೆ ಹಾಕಿದವರು ಪ್ರಮೋಷನ್ ಪಟ್ಟಿಯಲ್ಲಿ ಕೆಳಗೇ ಉಳಿದದ್ದನ್ನು ಕಂಡಿದ್ದೇನೆ. ಪ್ರಮೋಷನ್ ಬಂದಾಗ ಊರು ಬಿಡಬೇಕಾಗಲೂಬಹುದು. ನಾನು ಬೆಳಗ್ಗಿನ ರೈಲಿನಲ್ಲಿ ಕಣ್ಣೂರಿಗೆ ಹೋಗಿ ರಾತ್ರಿ ಮನೆ ಸೇರಿದ ವರ್ಷಗಳಿವೆ.

ಈಗ ಕಷ್ಟದ ಮಾತು. ಅವಳು ಕಣ್ಣು ಮುಚ್ಚಿ ಹೋಗುವುದು ನನಗೆ ಬೇಡ.

ಪೊಲೀಸ್ ಆಫೀಸಿನ ಗಾಳಿಯೇ ಬೇರೆ. ಅಲ್ಲಿ ಎಲ್ಲವೂ ರ್‍ಯಾಂಕಿನ ಮೇಲೆ ನಿಂತಿದೆ. ಮೇಲಿನಿಂದ ಬಂದ ಮಾತಿಗೆ "ಹೌದು ಸರ್" ಅನ್ನುವುದೇ ಅಭ್ಯಾಸ. ನಾವು ಖಾಕಿ ಹಾಕದ ಸಿವಿಲ್ ನೌಕರರು. ಆದರೂ ಆ ಗಾಳಿ ನಮಗೂ ತಾಗುತ್ತದೆ. ನಾನು ಸೇರಿದ ಹೊಸತರಲ್ಲಿ, ಯಾವ ಆಫೀಸು ಅಂತ ಬರೆಯುವುದಿಲ್ಲ, ಒಬ್ಬ ಅಧಿಕಾರಿ "ಇದನ್ನು ಈಗಲೇ ಕಳಿಸು" ಅಂತ ಬಾಯಲ್ಲಿ ಹೇಳಿದ್ದಕ್ಕೆ ಒಂದು ಪತ್ರ ಕಳಿಸಿಬಿಟ್ಟೆ. ಫೈಲಿನಲ್ಲಿ ನೋಟ್ ಬರೆದಿರಲಿಲ್ಲ. ಆರು ತಿಂಗಳಲ್ಲಿ ಅವರಿಗೆ ವರ್ಗ ಆಯಿತು, ವಿವರಣೆ ಕೇಳಿ ಮೆಮೊ ಬಂದದ್ದು ನನ್ನ ಹೆಸರಿಗೆ. ಎರಡು ರಾತ್ರಿ ಊಟ ಇಳಿಯಲಿಲ್ಲ. ಕೊನೆಗೆ ಹಿರಿಯ ಹೆಡ್ ಕ್ಲರ್ಕ್ ಒಬ್ಬರು ಕೂರಿಸಿಕೊಂಡು ಉತ್ತರ ಬರೆಸಿದರು. ಅವರು ಹೇಳಿದ ಮಾತನ್ನೇ ಮಗಳಿಗೆ ಹೇಳುತ್ತೇನೆ: "ಯಾರು ಎಂತ ಹೇಳಿದರೂ ಮೊದಲು ನೋಟ್ ಬರೆ, ಅವರು ಸಹಿ ಹಾಕಲಿ, ಆಮೇಲೆ ಕಾಗದ ಹೊರಗೆ ಹೋಗಲಿ." ಈಗ ಇ-ಆಫೀಸ್ ಬಂದು ಯಾರ ಮೇಜಿನಲ್ಲಿ ಫೈಲ್ ಎಷ್ಟು ದಿನ ಇತ್ತು ಅಂತ ಕಾಣುತ್ತದೆ. ಆ ಮಟ್ಟಿಗೆ ನಮಗಿಂತ ಅವಳಿಗೆ ರಕ್ಷಣೆ ಹೆಚ್ಚು.

ಎರಡನೆಯದು ಪಕ್ಕದ ಮನೆಯವರು ಹೇಳಿದ ಆ "ಬಲ". ನೀನು ಪೊಲೀಸ್ ಆಫೀಸಿಗೆ ಸೇರಿದ ದಿನದಿಂದ ಊರಿನವರು ಫೋನ್ ಮಾಡುತ್ತಾರೆ. ಗಲ್ಫಿಗೆ ಹೋಗುವ ಹುಡುಗನ ಪೊಲೀಸ್ ಕ್ಲಿಯರೆನ್ಸ್ ಎಲ್ಲಿಗೆ ಬಂತು ನೋಡು. ಅಳಿಯನ ಮೇಲೆ ಕೇಸ್ ಆಗಿದೆಯಂತೆ, ಏನು ಬರೆದಿದ್ದಾರೆ ನೋಡು. ಹುಡುಗನ ಮೇಲೆ ಎಂತಾದರೂ ಕೇಸ್ ಉಂಟಾ, ಮದುವೆ ಮಾತುಕತೆ ನಡೀತಾ ಉಂಟು. ಕೇಳುವವರು ನಮ್ಮವರೇ, ಕಷ್ಟದಲ್ಲಿರುವವರೇ. ಆದರೂ ಒಂದು ಸಲ ನೋಡಿ ಹೇಳಿದರೆ ಮುಗಿಯಿತು, ಮತ್ತೆ ನಿನ್ನ ಸರ್ವಿಸ್ ಪೂರ್ತಿ ಆ ಬಾಗಿಲು ತೆರೆದೇ ಇರುತ್ತದೆ. ನಾನು "ನನ್ನ ಸೆಕ್ಷನ್ ಅಲ್ಲ, ಪೊಲೀಸರ ತುಣ ಪೋರ್ಟಲಿನಲ್ಲಿ ಆನ್‌ಲೈನ್ ನೋಡಿ, ಇಲ್ಲದಿದ್ದರೆ ಸ್ಟೇಷನ್ನಿಗೆ ಹೋಗಿ ಕೇಳಿ" ಅಂತ ಹೇಳಿ ಹೇಳಿ ಎರಡು ಮನೆಗಳ ಮಾತು ಕಳೆದುಕೊಂಡಿದ್ದೇನೆ. ಅದರಲ್ಲಿ ಒಂದು ಮನೆಯ ಮದುವೆಗೆ ಕರೆಯೂ ಬರಲಿಲ್ಲ. ನೋವಾಯಿತು, ಈಗಲೂ ಆಗುತ್ತದೆ. ಆದರೆ ಪುನಃ ಕೇಳಿದರೂ ಅದೇ ಉತ್ತರ ಕೊಡುತ್ತೇನೆ.

ಇಷ್ಟೆಲ್ಲ ಇದ್ದೂ ನಾನು ಯಾಕೆ "ಸೇರು" ಅನ್ನುತ್ತೇನೆ?

ಒಂದು ಮಳೆಗಾಲದಲ್ಲಿ ವಯಸ್ಸಾದ ಒಬ್ಬರು ನಮ್ಮ ವರಾಂಡದ ಬೆಂಚಿನಲ್ಲಿ ಕೂತಿದ್ದರು. ಬಿಳಿ ಪಂಚೆಯ ಅಂಚಿನಲ್ಲಿ ಕೆಂಪು ಮಣ್ಣು, ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಕಾಗದ. ಬೇರೆ ಸೆಕ್ಷನ್ನಿಗೆ ಬಂದವರು. ಕನ್ನಡದಲ್ಲಿ ಏನೋ ಕೇಳುತ್ತಿದ್ದರು, ಯಾರಿಗೂ ಸರಿಯಾಗಿ ಅರ್ಥ ಆಗುತ್ತಿರಲಿಲ್ಲ. ನಾನು ಹೋಗಿ ಕೂತೆ. ಮೇ ತಿಂಗಳಲ್ಲಿ ಅವರು ಕನ್ನಡದಲ್ಲಿ ಒಂದು ಅರ್ಜಿ ಕೊಟ್ಟಿದ್ದರು, "ನೆರೆಯವರು ನಮ್ಮ ಅಡಿಕೆ ತೋಟದ ಕಣಿ ಮುಚ್ಚಿದ್ದಾರೆ" ಅಂತ. ಕಣಿ ಅಂದರೆ ಏನು ಅಂತ ನಮ್ಮ ಕಡೆಯ ಸಣ್ಣ ಮಕ್ಕಳಿಗೂ ಗೊತ್ತು, ತೋಟದ ನೀರು ಹರಿದು ಹೋಗುವ ಕಾಲುವೆ. ಆದರೆ ಅರ್ಜಿಗೆ ಮಲಯಾಳದಲ್ಲಿ ಸಾರಾಂಶ ಬರೆದವರಿಗೆ ನಮ್ಮ ಕಣಿ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದ ಕಣಿ ವಿಷುವಿನದ್ದು, ಅದು ಇಲ್ಲಿ ಹೊಂದುವುದಿಲ್ಲ. ಹಾಗಾಗಿ ಕೆಣಿ ಅಂತ ಓದಿಕೊಂಡರು. ಮಲಯಾಳದಲ್ಲಿ ಕೆಣಿ ಅಂದರೆ ಪ್ರಾಣಿ ಹಿಡಿಯುವ ಬೋನು, ಉರುಳು. ಸ್ಟೇಷನ್ನಿನವರು ಹೋಗಿ ಹಂದಿಗೆ ಇಟ್ಟ ಉರುಳು ಹುಡುಕಿದರು. ಅಂಥದ್ದು ಯಾವುದೂ ಕಂಡುಬರಲಿಲ್ಲ, ಮುಂದಿನ ಕ್ರಮ ಅಗತ್ಯವಿಲ್ಲ ಅಂತ ವರದಿ ಬಂತು, ಫೈಲ್ ಮುಚ್ಚಿತು. ಅಷ್ಟರಲ್ಲಿ ಜೋರು ಮಳೆಯ ಆಟಿ ತಿಂಗಳು ಬಂದಿತ್ತು. ಅಡಿಕೆಯ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ ಅಂತ ತೋಟ ಇದ್ದವರಿಗೆ ಹೇಳಬೇಕಾಗಿಲ್ಲ. ಆ ಅಜ್ಜ ನನ್ನ ಹತ್ತಿರ ಬೈಯಲಿಲ್ಲ, ದೂರಲಿಲ್ಲ. "ನಾನು ಬರ್ದದ್ದು ತಪ್ಪಾಯ್ತಾ ಅಕ್ಕ?" ಅಂತ ಕೇಳಿದರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು.

ತೋಟದ ನೀರಿನ ತಕರಾರು ಸಿವಿಲ್ ವಿಷಯ, ಪೊಲೀಸರು ಮಾಡಬಹುದಾದ್ದು ಇಬ್ಬರನ್ನೂ ಕರೆದು ಮಾತಾಡಿಸುವಷ್ಟೇ. ಆ ಮಾತುಕತೆ ಮೇ ತಿಂಗಳಲ್ಲೇ ಆಗಿದ್ದರೆ ಎರಡು ಹಾರೆ ಕೆಲಸದಲ್ಲಿ ಮುಗಿಯುತ್ತಿತ್ತು. ಸಾರಾಂಶ ಬರೆದವರಲ್ಲಿ ದುರುದ್ದೇಶ ಇರಲಿಲ್ಲ, ಅವರಿಗೆ ಭಾಷೆ ಬರುತ್ತಿರಲಿಲ್ಲ, ಪಕ್ಕದ ಮೇಜಿಗೆ ಬಂದು ಕೇಳಬೇಕು ಅಂತ ತೋಚಲೂ ಇಲ್ಲ.

1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಆ ಚರಿತ್ರೆಯನ್ನು ನಾವು ಪ್ರತಿ ವರ್ಷ ಮಾತಾಡುತ್ತೇವೆ, ಗಡಿ ವಿವಾದದ ಮಹಾಜನ ವರದಿಯನ್ನೂ ಮಾತಾಡುತ್ತೇವೆ. ಆದರೆ ಕೇರಳದ 1969ರ ಆಡಳಿತ ಭಾಷಾ ಕಾಯ್ದೆ ನಮಗೆ ಕೊಟ್ಟದ್ದನ್ನು ಎಷ್ಟು ಜನ ಬಳಸುತ್ತೇವೆ? ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಆಫೀಸುಗಳಿಗೆ ಕನ್ನಡಿಗರು ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಅಂತ ಅದರಲ್ಲಿ ಇದೆ. ಉತ್ತರ ಬರೆಯುವುದು ಯಾರು? ಕಾಯ್ದೆ ಬರೆಯುವುದಿಲ್ಲ, ಮೇಜಿನ ಹಿಂದೆ ಕೂತ ಕ್ಲರ್ಕ್ ಬರೆಯಬೇಕು. ಕನ್ನಡ ಶಾಲೆಗಳಿಗೆ ಕನ್ನಡ ಬಾರದ ಶಿಕ್ಷಕರು ಬಂದಾಗ ನಾವು ಬೀದಿಗೆ ಇಳಿದೆವು, ಇಳಿಯಲೇಬೇಕಿತ್ತು. ಆದರೆ ಕನ್ನಡ ಬರುವ ನಮ್ಮದೇ ಹುಡುಗಿಗೆ ಸೀಟು ಸಿಕ್ಕಾಗ "ಪೊಲೀಸ್ ಆಫೀಸು ಬೇಡ" ಅಂತ ಜಗಲಿಯಲ್ಲೇ ತೀರ್ಮಾನ ಮಾಡುತ್ತೇವೆ. ಅವಳು ಸೇರದಿದ್ದರೆ ಆ ಹುದ್ದೆ ಎನ್‌ಜೆಡಿ (ಆಯ್ಕೆಯಾದವರು ಸೇರದ ಹುದ್ದೆ) ಆಗಿ ಪಟ್ಟಿಯ ಮುಂದಿನವರಿಗೆ ಹೋಗುತ್ತದೆ. ಅವರಿಗೆ ಕಣಿ ಗೊತ್ತಿರುತ್ತದೋ ಇಲ್ಲವೋ.

ಕನ್ನಡ ಉಳಿಸಲಿಕ್ಕೆ ಹೋಗು ಅಂತ ಮಾತ್ರ ನಾನು ಅವಳಿಗೆ ಹೇಳುವುದಿಲ್ಲ. ಇಪ್ಪತ್ತಾರು ವರ್ಷದ ಹುಡುಗಿಯ ಹೆಗಲಿಗೆ ಅಷ್ಟು ಭಾರ ಹಾಕುವುದು ಅನ್ಯಾಯ. ಸಂಬಳಕ್ಕೆ ಹೋಗಲಿ, ತನ್ನ ಕಾಲ ಮೇಲೆ ನಿಲ್ಲಲಿಕ್ಕೆ ಹೋಗಲಿ. ಕೂತು ಮಾಡುವ ಲೆಕ್ಕಪತ್ರದ ಕೆಲಸ ಅವಳಿಗೆ ಒಗ್ಗದಿದ್ದರೆ, ಮಾಸ್ತರಿಕೆಯೇ ಬೇಕು ಅಂತ ಆಸೆ ಇದ್ದರೆ, ಧಾರಾಳವಾಗಿ ಬಿಡಲಿ, ನಾನೇ ಬೆಂಬಲಕ್ಕೆ ನಿಲ್ಲುತ್ತೇನೆ. ಕಳ್ಳರ ಮುಖಕ್ಕೆ ಹೆದರಿ ಬಿಡುವುದು ಮಾತ್ರ ಬೇಡ.

ನಿನ್ನೆ ರಾತ್ರಿ ಅವಳೇ ಫೋನ್ ಮಾಡಿದಳು. ಸೇರುತ್ತೇನೆ ಅಂತಲೂ ಹೇಳಲಿಲ್ಲ, ಇಲ್ಲ ಅಂತಲೂ ಹೇಳಲಿಲ್ಲ. "ದೊಡ್ಡಮ್ಮ, ನನಗೆ ಮಲಯಾಳ ಟೈಪಿಂಗ್ ಸರಿ ಬರುದಿಲ್ಲ, ಎಂತ ಮಾಡುದು?" ಅಂದಳು. ಇನ್‌ಸ್ಕ್ರಿಪ್ಟ್ ಕೀಬೋರ್ಡ್ ಕಲಿ ಅಂದೆ. ಅದರಲ್ಲಿ ಮಲಯಾಳದ ಕ ಇರುವ ಕೀಯಲ್ಲೇ ಕನ್ನಡದ ಕ ಇರುತ್ತದೆ, ಭಾಷೆ ಬದಲಾಯಿಸಿದರೆ ಆಯಿತು, ಬೆರಳು ಬದಲಾಯಿಸಬೇಕಾಗಿಲ್ಲ. ನಾನು ಕೊನೆಯ ವರ್ಷಗಳಲ್ಲಿ ಹಾಗೆಯೇ ಮಾಡುತ್ತಿದ್ದೆ. ಆಫೀಸ್ ಕಾಪಿ ಮಲಯಾಳದಲ್ಲಿ, ಅರ್ಜಿದಾರರಿಗೆ ಹೋಗುವುದು ಕನ್ನಡದಲ್ಲಿ. ಸ್ವಲ್ಪ ಹೊತ್ತು ಆಚೆಯಿಂದ ಮಾತಿಲ್ಲ, ಕೀಬೋರ್ಡಿನ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ, "ಹೌದು ದೊಡ್ಡಮ್ಮ, ಕ ಅಲ್ಲೇ ಉಂಟು" ಅಂದಳು.